ಹೆಸರನ್ನು ನಂಬುವುದೇ, ಕೆಲಸವನ್ನು ಪರಿಶೀಲಿಸುವುದೇ?

(ಮರೋಳದಲ್ಲಿ ನಡೆದ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಇಂದು ನಮಗೆ ನೀಡಲಾದ ವಿಷಯ ಕಂಪ್ಯೂಟರ್ ಮತ್ತು ಮೊಬೈಲ್ ಸುರಕ್ಷತೆ. ಇದು ಎಂಜಿನಿಯರುಗಳ ವಿಷಯ, ನಮಗೇಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಈ ವಿಷಯದ ಬೇರು ನಮಗೆಲ್ಲ ಪರಿಚಿತವಾದ ಒಂದು ಪ್ರಶ್ನೆಯಲ್ಲಿದೆ: ಯಾರನ್ನು ನಂಬಬೇಕು? ಸಾಮಾನ್ಯವಾಗಿ ಇದಕ್ಕೆ ಸಿಗುವ ಉತ್ತರ, ಒಳ್ಳೆಯ ಹೆಸರುಳ್ಳವರನ್ನು ನಂಬಬೇಕು ಎಂಬುದು. ಈ ಉತ್ತರ ಎಲ್ಲಿಯವರೆಗೆ ಸರಿ, ಎಲ್ಲಿಂದ ಮುಂದೆ ಅಪಾಯಕಾರಿ ಎಂಬುದನ್ನು ಇಂದು ನಾವು ವಿವೇಚಿಸಬಯಸುತ್ತೇವೆ.

ಮರೋಳದಂತಹ ಊರುಗಳಲ್ಲಿ ಕಿರಾಣಿ ಅಂಗಡಿಯವರು ಉದ್ರಿ ಕೊಡುವಾಗ ದಾಖಲೆಪತ್ರ ಕೇಳುವುದಿಲ್ಲ. ಗಿರಾಕಿ ಯಾರ ಮಗ, ಕಳೆದ ಸುಗ್ಗಿಯಲ್ಲಿ ಬಾಕಿ ತೀರಿಸಿದ್ದಾನೋ ಇಲ್ಲವೋ ಎಂಬಷ್ಟು ತಿಳಿದರೆ ಸಾಕು. ಈ ಪದ್ಧತಿ ತಲೆಮಾರುಗಳಿಂದ ನಡೆದುಬಂದುದಕ್ಕೆ ಮೂರು ಕಾರಣಗಳಿವೆ. ಒಂದನೆಯದಾಗಿ, ಊರಿನಲ್ಲಿ ಹೆಸರು ಮತ್ತು ಮುಖ ಬೇರೆ ಬೇರೆಯಲ್ಲ. ಒಬ್ಬನ ಹೆಸರು ಹೇಳಿಕೊಂಡು ಇನ್ನೊಬ್ಬನು ಸಾಮಾನು ಒಯ್ಯುವುದು ಸಾಧ್ಯವಿಲ್ಲ. ಎರಡನೆಯದಾಗಿ, ಒಬ್ಬನ ಬಗ್ಗೆ ಸಾಕ್ಷಿ ನುಡಿಯುವವರೂ ಪರಿಚಿತರೇ; ಅವರ ಮಾತಿನ ತೂಕ ಎಷ್ಟೆಂಬುದು ಎಲ್ಲರಿಗೂ ಗೊತ್ತು. ಮೂರನೆಯದಾಗಿ, ಹೆಸರು ಕೆಟ್ಟರೆ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಆ ಸುದ್ದಿ ಹುನಗುಂದಕ್ಕೂ ಇಳಕಲ್ ಪೇಟೆಗೂ ತಲುಪುತ್ತದೆ, ಮಕ್ಕಳ ಮದುವೆಯ ಮಾತುಕತೆಯವರೆಗೂ ಹಿಂಬಾಲಿಸುತ್ತದೆ. ಈ ಮೂರೂ ಇರುವಲ್ಲಿ ಸತ್ಕೀರ್ತಿ ಎಂಬುದು ವಿಶ್ವಾಸಕ್ಕೆ ಸಾಕಷ್ಟು ಒಳ್ಳೆಯ ಆಧಾರವೇ ಆಗಿದೆ.

ಆದರೆ ಹೆಸರು ಊರಿನ ಗಡಿ ದಾಟಿದೊಡನೆ ಪರಿಸ್ಥಿತಿ ಬದಲಾಗುತ್ತದೆ. ಪಕ್ಕದ ಇಳಕಲ್‌ನ ಸೀರೆಯನ್ನೇ ನೋಡಿರಿ. ಅದರ ಕೀರ್ತಿ ದೊಡ್ಡದು. ಭೌಗೋಳಿಕ ಸೂಚಿಕೆಯ ನೋಂದಣಿಯೂ ಅದಕ್ಕಿದೆ. ಕೀರ್ತಿ ದೊಡ್ಡದಾದುದರಿಂದಲೇ ಬೇರೆಡೆ ವಿದ್ಯುತ್ ಮಗ್ಗದಲ್ಲಿ ನೇಯ್ದ ಬಟ್ಟೆಯೂ ಇಳಕಲ್ ಸೀರೆಯೆಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಬಲ್ಲ ಹೆಂಗಸರು ಚೀಟಿಯನ್ನು ನೋಡುವುದಿಲ್ಲ. ಅವರು ಒಡಲು ಮತ್ತು ಸೆರಗು ಕೂಡುವ ಜಾಗವನ್ನು ಬೆರಳಿನಿಂದ ಸವರಿ ನೋಡುತ್ತಾರೆ. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವುದು ಇಳಕಲ್ ನೇಕಾರಿಕೆಯ ವೈಶಿಷ್ಟ್ಯ. ಹೆಸರನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು; ಆ ಜೋಡಣೆ ಕೈಮಗ್ಗದ ಕೆಲಸವನ್ನು ಬಲ್ಲವರಿಂದಲೇ ಆಗಬೇಕು. ಹೆಸರು ಅಂಗಡಿಗೆ ಕರೆತರುತ್ತದೆ. ಖರೀದಿ ಮಾತ್ರ ಜೋಡಣೆಯನ್ನು ನೋಡಿದ ಮೇಲೆಯೇ.

ಈಗ ನಮ್ಮ ವಿಷಯಕ್ಕೆ ಬರೋಣ. ಕಂಪ್ಯೂಟರ್‌ಗಳೂ ಹೆಸರನ್ನು ನೋಡಿಯೇ ನಂಬುತ್ತವೆ ಎಂಬುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ. ನಿಮ್ಮ ಇಮೇಲ್ ಖಾತೆಗೆ ಒಂದು ಪತ್ರ ಬಂದಾಗ, ಅದನ್ನು ಕಳುಹಿಸಿದ ವಿಳಾಸದಿಂದ ಹಿಂದೆ ಎಂತಹ ಪತ್ರಗಳು ಬಂದಿದ್ದವು ಎಂಬುದನ್ನು ಯಂತ್ರವು ಪರಿಗಣಿಸುತ್ತದೆ. 1998ರಲ್ಲಿ ಆರಂಭವಾದ ಸ್ಪಾಮ್‌ಹೌಸ್‌ನಂತಹ ಸಂಸ್ಥೆಗಳು ಕೆಟ್ಟ ಹೆಸರು ಪಡೆದ ವಿಳಾಸಗಳ ಪಟ್ಟಿಯನ್ನೇ ಇಟ್ಟಿವೆ. ಜಾಲದಿಂದ ಒಂದು ತಂತ್ರಾಂಶವನ್ನು ಇಳಿಸಿಕೊಂಡರೆ, ಅದನ್ನು ಎಷ್ಟು ಜನ ಬಳಸಿದ್ದಾರೆ, ಅದರ ಮೇಲೆ ಯಾವ ಕಂಪೆನಿಯ ಸಹಿ ಇದೆ ಎಂಬುದನ್ನು ವಿಂಡೋಸ್ ನೋಡುತ್ತದೆ. ಅಪರಿಚಿತ ಕರೆ ಬಂದಾಗ ಟ್ರೂಕಾಲರ್‌ನಂತಹ ಆ್ಯಪ್ ಹೆಸರು ತೋರಿಸುತ್ತದೆ, ಕೆಂಪು ಬಣ್ಣದಲ್ಲಿ ಎಚ್ಚರಿಸುತ್ತದೆ. ಅದಕ್ಕೂ ಬಳಕೆದಾರರು ನೀಡಿದ ಹೆಸರುಗಳು ಮತ್ತು ದೂರುಗಳೇ ಮುಖ್ಯ ಆಧಾರ. ಕೋಟ್ಯಂತರ ಪತ್ರಗಳನ್ನೂ ಕರೆಗಳನ್ನೂ ಒಂದೊಂದಾಗಿ ಬಿಚ್ಚಿ ಪರೀಕ್ಷಿಸಲು ಯಾರಿಗೂ ಸಾಧ್ಯವಿಲ್ಲ. ಆದುದರಿಂದ ಈ ವ್ಯವಸ್ಥೆ ಅನಿವಾರ್ಯ. ಅದರಿಂದ ಬಹಳ ಪ್ರಯೋಜನವೂ ಆಗಿದೆ. ಪ್ರಶ್ನೆ ಇರುವುದು ಬೇರೆಡೆ. ಊರಿನಲ್ಲಿ ಸತ್ಕೀರ್ತಿಯನ್ನು ಕಾಯುತ್ತಿದ್ದ ಆ ಮೂರು ಆಧಾರಗಳು ಇಲ್ಲಿ ಉಳಿದಿವೆಯೇ?

ಮೊದಲನೆಯದನ್ನು ತೆಗೆದುಕೊಳ್ಳೋಣ. ಇಲ್ಲಿ ಹೆಸರು ಮತ್ತು ಮುಖ ಬೇರೆ ಬೇರೆಯಾಗಿವೆ. ಇತ್ತೀಚಿನ ವರ್ಷಗಳಲ್ಲಿ ಮದುವೆಯ ಕರೆಯೋಲೆಯ ರೂಪದಲ್ಲಿ ವಾಟ್ಸಾಪ್‌ಗೆ ಒಂದು ಕಡತ ಬರುತ್ತಿದೆ. 2024ರ ಕೊನೆಯಲ್ಲಿ ಹಲವು ರಾಜ್ಯಗಳ ಪೊಲೀಸರು ಈ ಬಗ್ಗೆ ಎಚ್ಚರಿಕೆ ನೀಡಿದರು. ಅದು ನಿಜವಾಗಿ ಚಿತ್ರವೂ ಅಲ್ಲ, ಪತ್ರವೂ ಅಲ್ಲ. ಎಪಿಕೆ ಎಂಬ ಅಕ್ಷರಗಳಿಂದ ಕೊನೆಗೊಳ್ಳುವ ಆ್ಯಪ್. ಒತ್ತಿ ಅಳವಡಿಸಿಕೊಂಡು, ಅದು ಕೇಳಿದ ಅನುಮತಿಗಳಿಗೆಲ್ಲ ಒಪ್ಪಿದರೆ ಫೋನಿಗೆ ಬರುವ ಸಂದೇಶಗಳನ್ನು ಓದುವ ಅಧಿಕಾರ ಅದಕ್ಕೆ ಸಿಗುತ್ತದೆ. ಬ್ಯಾಂಕಿನ ಒಟಿಪಿ ವಂಚಕರ ಕೈಸೇರುತ್ತದೆ. ಅನಂತರ ಅದೇ ಕಡತವು ಆ ಫೋನಿನಲ್ಲಿರುವ ಬಂಧುಮಿತ್ರರೆಲ್ಲರಿಗೂ ಹೋಗತೊಡಗುತ್ತದೆ. ಪಡೆದವರು ಏನು ಯೋಚಿಸುತ್ತಾರೆ? ಕಳುಹಿಸಿದವರು ಸೋದರಮಾವ, ಸುಳ್ಳು ಹೇಳದ, ಯಾರಿಗೂ ಮೋಸ ಮಾಡದ ಮನುಷ್ಯ. ಆ ತೀರ್ಮಾನದಲ್ಲಿ ತಪ್ಪಿಲ್ಲ. ಸೋದರಮಾವ ಪ್ರಾಮಾಣಿಕರೇ. ಆದರೆ ಕಳುಹಿಸಿದ್ದು ಅವರಲ್ಲ, ಅವರ ಫೋನ್.

ಇಂತಹ ಮೋಸಕ್ಕೆ ಸಾಮಾನ್ಯ ಜನರು ಮಾತ್ರ ಒಳಗಾಗುತ್ತಾರೆಂದು ಭಾವಿಸಬಾರದು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ವೈರಸ್, ತೈವಾನಿನ ಎರಡು ಪ್ರತಿಷ್ಠಿತ ಕಂಪೆನಿಗಳಿಂದ ಕದ್ದ ಡಿಜಿಟಲ್ ಸಹಿಯನ್ನು ಹೊತ್ತುಕೊಂಡಿತ್ತು. ಕಂಪ್ಯೂಟರ್‌ಗಳು ಸಹಿ ನೋಡಿ ಒಳಗೆ ಬಿಟ್ಟುಕೊಂಡವು. ನಮ್ಮ ದೇಶದಲ್ಲಿಯೂ 2014ರ ಜುಲೈಯಲ್ಲಿ ಇಂತಹ ಪ್ರಕರಣವೊಂದು ನಡೆಯಿತು. ಒಂದು ಜಾಲತಾಣ ನಿಜವಾಗಿಯೂ ಅದು ಹೇಳಿಕೊಳ್ಳುವ ಸಂಸ್ಥೆಯದ್ದೇ ಎಂದು ದೃಢೀಕರಿಸುವ ಡಿಜಿಟಲ್ ಪ್ರಮಾಣಪತ್ರಗಳನ್ನು ನೀಡುವ ಅಧಿಕಾರ ರಾಷ್ಟ್ರೀಯ ಮಾಹಿತಿ ಕೇಂದ್ರಕ್ಕಿತ್ತು. ಗೂಗಲ್‌ನ ಹೆಸರಿಗೆ ಸೇರಿದ ನಕಲಿ ಪ್ರಮಾಣಪತ್ರಗಳು ಅಲ್ಲಿಂದ ಹೊರಬಿದ್ದಿರುವುದನ್ನು ಗೂಗಲ್ ಪತ್ತೆಹಚ್ಚಿತು. ಪ್ರಮಾಣಪತ್ರ ನೀಡುವ ಪ್ರಕ್ರಿಯೆಗೇ ಧಕ್ಕೆಯಾಗಿದೆಯೆಂದು ಮೇಲಿನ ನಿಯಂತ್ರಣ ಪ್ರಾಧಿಕಾರ ಒಪ್ಪಿಕೊಂಡು ಅವುಗಳನ್ನು ರದ್ದುಪಡಿಸಬೇಕಾಯಿತು. ಸರಕಾರಿ ಮುದ್ರೆಗಿಂತ ದೊಡ್ಡ ಹೆಸರು ಯಾವುದಿದೆ? ಆದರೂ ಮುದ್ರೆ ಒತ್ತುವ ಕೋಣೆಗೆ ಕಳ್ಳ ನುಗ್ಗಿದರೆ ಮುದ್ರೆಯಿಂದ ಪ್ರಯೋಜನವಿಲ್ಲ.

ಎರಡನೆಯ ಆಧಾರ ಸಾಕ್ಷಿಗಳದ್ದು. ಆ್ಯಪ್ ಅಂಗಡಿಯಲ್ಲಿ ನಾಲ್ಕೂವರೆ ನಕ್ಷತ್ರಗಳು, ಸಾವಿರಾರು ಹೊಗಳಿಕೆಗಳು ಕಂಡೊಡನೆ ನಾವು ನಂಬುತ್ತೇವೆ. ಆದರೆ ಆ ಸಾವಿರ ಮಂದಿ ಯಾರು? 2002ರಲ್ಲಿಯೇ ಮೈಕ್ರೋಸಾಫ್ಟ್‌ನ ಸಂಶೋಧಕರೊಬ್ಬರು ಈ ದೌರ್ಬಲ್ಯವನ್ನು ಸ್ಪಷ್ಟವಾಗಿ ಎತ್ತಿ ತೋರಿಸಿದ್ದರು. ಹೊಸ ಗುರುತನ್ನು ಸೃಷ್ಟಿಸಲು ಖರ್ಚಿಲ್ಲದಿರುವಲ್ಲಿ ಒಬ್ಬನೇ ವ್ಯಕ್ತಿ ನೂರು ಸಾಕ್ಷಿಗಳ ವೇಷ ತೊಡಬಲ್ಲನು. ಭಾರತೀಯ ರಿಸರ್ವ್ ಬ್ಯಾಂಕಿನ ಕಾರ್ಯತಂಡವೊಂದು 2021ರ ಜನವರಿ ಮತ್ತು ಫೆಬ್ರವರಿ ತಿಂಗಳಲ್ಲಿ ಪರಿಶೀಲಿಸಿದಾಗ ವಿವಿಧ ಆ್ಯಪ್ ಅಂಗಡಿಗಳಲ್ಲಿ ಭಾರತೀಯರಿಗೆ ಸಾಲ ನೀಡುವ ಸುಮಾರು 1,100 ಆ್ಯಪ್‌ಗಳು ಕಂಡುಬಂದವು. ಅವುಗಳಲ್ಲಿ ಸುಮಾರು 600 ಅಕ್ರಮ ಆ್ಯಪ್‌ಗಳಾಗಿದ್ದವು. ಅಂಗಡಿಯಲ್ಲಿ ದೊರೆಯುತ್ತದೆ ಎಂಬುದು ಯೋಗ್ಯತೆಯ ಪ್ರಮಾಣವಲ್ಲ. ಬಡ್ಡಿಯ ಪಾಶಕ್ಕೆ ಸಿಲುಕಿ, ಫೋನಿನಲ್ಲಿದ್ದ ಭಾವಚಿತ್ರಗಳ ಮೂಲಕ ಅವಮಾನಕ್ಕೊಳಗಾದ ಕುಟುಂಬಗಳ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ.

ಸುಳ್ಳುಸಾಕ್ಷಿ ಎಷ್ಟು ತಾಳ್ಮೆಯಿಂದ ಕೆಲಸ ಮಾಡಬಲ್ಲದು ಎಂಬುದಕ್ಕೆ ಒಂದು ನಿದರ್ಶನ ಹೇಳುತ್ತೇವೆ. ಜಗತ್ತಿನ ಬಹುಪಾಲು ಸರ್ವರ್‌ಗಳು ಲಿನಕ್ಸ್ ಎಂಬ ವ್ಯವಸ್ಥೆಯ ಮೇಲೆ ನಡೆಯುತ್ತವೆ. ಅದರೊಳಗೆ ಕಡತಗಳನ್ನು ಕುಗ್ಗಿಸಲು ಬಳಸುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶವಿದೆ. ಲಾಸೆ ಕೊಲಿನ್ ಎಂಬವರು ಅದನ್ನು ವರ್ಷಗಳಿಂದ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. 2021ರಲ್ಲಿ ಜಿಯಾ ಟಾನ್ ಎಂಬ ಹೆಸರಿನಿಂದ ಒಬ್ಬರು ನೆರವಿಗೆ ಬಂದರು. ತಿಂಗಳುಗಟ್ಟಲೆ ಉಪಯುಕ್ತ ಕೆಲಸವನ್ನೇ ಮಾಡಿದರು. ಇತ್ತ ಬೇರೆ ಕೆಲವು ಹೆಸರುಗಳಿಂದ, ಕೆಲಸ ನಿಧಾನವಾಗುತ್ತಿದೆ, ಇನ್ನೊಬ್ಬರಿಗೆ ಜವಾಬ್ದಾರಿ ಕೊಡಿ ಎಂದು ಲಾಸೆಯವರ ಮೇಲೆ ಒತ್ತಡ ಬರತೊಡಗಿತು. ಕ್ರಮೇಣ ಜಿಯಾ ಟಾನ್‌ಗೆ ಅಧಿಕಾರ ದೊರೆಯಿತು. 2024ರ ಫೆಬ್ರವರಿಯಲ್ಲಿ ಬಿಡುಗಡೆಯಾದ ಆವೃತ್ತಿಯಲ್ಲಿ ಸರ್ವರ್‌ಗಳಿಗೆ ಕಳ್ಳಬಾಗಿಲು ತೆರೆಯುವ ಸಂಕೇತಗಳನ್ನು ಆ ಹೆಸರಿನವರು ಅಡಗಿಸಿಟ್ಟಿದ್ದರು. ಎರಡು ವರ್ಷಗಳ ಸತ್ಕೀರ್ತಿಯನ್ನು ಒಂದು ದಿನ ದ್ರೋಹಕ್ಕಾಗಿ ಖರ್ಚು ಮಾಡಲೆಂದೇ ಕೂಡಿಡಲಾಗಿತ್ತು!

ಅದು ಪತ್ತೆಯಾದುದು ಹೇಗೆ? ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್, ತಮ್ಮ ಕಂಪ್ಯೂಟರ್‌ಗೆ ಪ್ರವೇಶ ಪಡೆಯಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿದರು. ಹೆಸರು ದೊಡ್ಡದು, ಬಿಡು ಎಂದು ಅವರು ಸುಮ್ಮನಾಗಲಿಲ್ಲ. ಎಳೆ ಎಳೆಯಾಗಿ ಬಿಡಿಸಿ ನೋಡಿ, 2024ರ ಮಾರ್ಚ್ 29ರಂದು ಸತ್ಯವನ್ನು ಬಹಿರಂಗಪಡಿಸಿದರು. ದೊಡ್ಡ ಅನಾಹುತವೊಂದು ತಪ್ಪಿತು. ಜಿಯಾ ಟಾನ್ ಯಾರೆಂದು ಅವರು ಹುಡುಕಲು ಹೊರಟಿರಲಿಲ್ಲ. ಮಾಡಿದ ಕೆಲಸ ಏನೆಂದು ನೋಡಿದರು.

ಮೂರನೆಯ ಆಧಾರ, ಹೆಸರು ಕೆಟ್ಟರೆ ತೆರಬೇಕಾದ ಬೆಲೆ. ಜಾಲದಲ್ಲಿ ಕೆಟ್ಟ ಹೆಸರನ್ನು ಹಳೆಯ ಚಪ್ಪಲಿಯಂತೆ ಕಳಚಿಡಬಹುದು. ಒಂದು ಸಂಖ್ಯೆ ಕೆಂಪು ಬಣ್ಣಕ್ಕೆ ತಿರುಗಿದರೆ ವಂಚಕನು ಇನ್ನೊಂದು ಸಿಮ್ ಹಾಕಿಕೊಳ್ಳುತ್ತಾನೆ. ಒಂದು ಆ್ಯಪ್ ತೆಗೆದುಹಾಕಲ್ಪಟ್ಟರೆ ಬೇರೆ ಹೆಸರಿನಲ್ಲಿ ಮರಳುತ್ತಾನೆ. ಆದ್ದರಿಂದ ಕೆಟ್ಟ ಹೆಸರಿಲ್ಲ ಎಂಬುದು ಒಳ್ಳೆಯತನದ ಪುರಾವೆಯಾಗದು. ನಿನ್ನೆ ಹುಟ್ಟಿದ ಹೆಸರಿಗೆ ಕೆಟ್ಟ ಚರಿತ್ರೆ ಎಲ್ಲಿಂದ ಬರಬೇಕು?

ಸಹೋದರರೇ, ಇದು ಯಂತ್ರಗಳ ದೋಷ ಮಾತ್ರವಲ್ಲ. ಬೆಂಗಳೂರಿನ ಐಎಂಎ ಪ್ರಕರಣವನ್ನು ಇಲ್ಲಿ ನೆನಪಿಸುವುದು ಅಗತ್ಯ. 2006ರಲ್ಲಿ ಆರಂಭವಾದ ಆ ಸಂಸ್ಥೆ ಬಡ್ಡಿರಹಿತ ಹೂಡಿಕೆಯೆಂಬ ಹೆಸರಿನಲ್ಲಿ ಹಣ ಸಂಗ್ರಹಿಸಿ, 2019ರ ಜೂನ್‌ನಲ್ಲಿ ಕುಸಿಯಿತು. ಕೆಲವೇ ವಾರಗಳಲ್ಲಿ ಹತ್ತಾರು ಸಾವಿರ ದೂರುಗಳು ಬಂದವು. ಪ್ರಕರಣದ ಗಾತ್ರ ಸುಮಾರು 4,000 ಕೋಟಿ ರೂಪಾಯಿ ಎಂದು ವರದಿಯಾಯಿತು. ತನಿಖೆ ಸಿಬಿಐಗೆ ಹೋಯಿತು. ಹಣ ಹಾಕಿದವರಲ್ಲಿ ವಿಧವೆಯರಿದ್ದರು, ನಿವೃತ್ತರಿದ್ದರು, ಮಗಳ ಮದುವೆಗೆಂದು ಕೂಡಿಟ್ಟವರಿದ್ದರು. ಅವರೆಲ್ಲ ದುರಾಸೆಯವರೆಂದು ಹೇಳುವುದು ಅನ್ಯಾಯ. ಶಾಲೆಗೆ ಸಿಕ್ಕ ನೆರವನ್ನು ಕಂಡರು, ವೇದಿಕೆಯಲ್ಲಿ ಕುಳಿತ ಗಣ್ಯರನ್ನು ಕಂಡರು, ನೆರೆಮನೆಯವರಿಗೆ ಪ್ರತಿ ತಿಂಗಳು ಬರುತ್ತಿದ್ದ ಹಣವನ್ನು ಕಂಡರು. ಕಾಣದೇ ಉಳಿದದ್ದು ಲೆಕ್ಕಪತ್ರ ಒಂದೇ. ಕಂಪ್ಯೂಟರ್ ಇಲ್ಲದೆಯೂ ನಡೆಯುವ ತಪ್ಪು ಇದೇ. ಕಂಪ್ಯೂಟರ್ ಅದಕ್ಕೆ ವೇಗ ನೀಡಿದೆ ಅಷ್ಟೆ.

ಹಾಗಾದರೆ ಸಾಕ್ಷ್ಯವನ್ನು ಅಳೆಯುವ ಮಾರ್ಗ ಯಾವುದು? ಈ ವಿಷಯದಲ್ಲಿ ನಮ್ಮ ಪೂರ್ವಿಕರು ಕೈಬಿಟ್ಟುಹೋಗಬಾರದಾದ ಒಂದು ಶಿಸ್ತನ್ನು ಬಿಟ್ಟುಹೋಗಿದ್ದಾರೆ. ಹದೀಸ್ ವಿದ್ವಾಂಸರು ಒಂದು ವರದಿಯನ್ನು ಸ್ವೀಕರಿಸುವ ಮುನ್ನ ಅದು ಯಾರಿಂದ ಯಾರಿಗೆ ಬಂತೆಂಬ ಸರಪಳಿಯನ್ನು ಕೇಳುತ್ತಿದ್ದರು. ಸರಪಳಿಯ ಪ್ರತಿಯೊಬ್ಬ ವರದಿಗಾರನಲ್ಲಿ ಎರಡು ಗುಣಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸುತ್ತಿದ್ದರು: ಒಂದು ಅವನ ಸತ್ಯನಿಷ್ಠೆ, ಇನ್ನೊಂದು ಅವನ ನೆನಪಿನ ಮತ್ತು ಬರವಣಿಗೆಯ ಖಚಿತತೆ. ಮಹಾ ಭಕ್ತನಾದರೂ ನೆನಪು ದುರ್ಬಲವಾಗಿದ್ದರೆ ಅವನನ್ನು ಗೌರವಿಸುತ್ತಿದ್ದರು, ಅವನ ವರದಿಯನ್ನು ಮಾತ್ರ ಸ್ವೀಕರಿಸುತ್ತಿರಲಿಲ್ಲ. ವೃದ್ಧಾಪ್ಯದಲ್ಲಿ ಮತಿ ಮಬ್ಬಾದವರ ವಿಷಯದಲ್ಲಿ, ಅದಕ್ಕೆ ಮೊದಲು ಕೇಳಿದ್ದನ್ನು ಒಪ್ಪಿ, ಅನಂತರದ್ದನ್ನು ಬಿಡುತ್ತಿದ್ದರು. ಸೋದರಮಾವನ ಫೋನಿನ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಅವರ ಸತ್ಯನಿಷ್ಠೆ ಒಂದು ವಿಷಯ, ಅವರ ಫೋನಿನ ಸುಭದ್ರತೆ ಇನ್ನೊಂದು ವಿಷಯ. ಎರಡನೆಯದನ್ನು ಪ್ರಶ್ನಿಸಿದರೆ ಮೊದಲನೆಯದಕ್ಕೆ ಅವಮಾನವಾಗುವುದಿಲ್ಲ.

ದ್ವಿತೀಯ ಖಲೀಫ ಉಮರ್(ರ)ರ ಬಗ್ಗೆ ಒಂದು ಪ್ರಸಿದ್ಧ ವರದಿಯಿದೆ. ಒಬ್ಬನು ಇನ್ನೊಬ್ಬನ ಸಚ್ಚಾರಿತ್ರ್ಯದ ಬಗ್ಗೆ ಸಾಕ್ಷಿ ಹೇಳಿದಾಗ ಅವರು, ನೀನು ಅವನ ನೆರೆಯವನೇ, ಅವನ ಜೊತೆ ಪ್ರಯಾಣ ಮಾಡಿರುವೆಯಾ, ಹಣದ ವ್ಯವಹಾರ ನಡೆಸಿರುವೆಯಾ ಎಂಬರ್ಥದ ಪ್ರಶ್ನೆಗಳನ್ನು ಕೇಳಿದರು. ಇಲ್ಲವೆಂದಾಗ, ಹಾಗಾದರೆ ನಿನಗೆ ಅವನು ಗೊತ್ತಿಲ್ಲ ಎಂದರು. ಪ್ರಶಂಸೆಯನ್ನು ಅವರು ಸುಳ್ಳೆನ್ನಲಿಲ್ಲ. ಅದು ಯಾವ ಅನುಭವದಿಂದ ಬಂತೆಂದು ಕೇಳಿದರು. ನಕ್ಷತ್ರಗಳನ್ನು ಎಣಿಸುವಾಗ ನಾವೂ ಕೇಳಬೇಕಾದ ಪ್ರಶ್ನೆ ಇದು.

ಇನ್ನೊಂದು ಮುಖವನ್ನೂ ನಾವು ಮರೆಯಬಾರದು. ಹೆಸರಿನ ಮೇಲೆ ತೀರ್ಪು ಕೊಡುವ ವ್ಯವಸ್ಥೆಯಲ್ಲಿ ನಿರಪರಾಧಿಗಳೂ ಶಿಕ್ಷೆ ಅನುಭವಿಸುತ್ತಾರೆ. ಒಂದು ವಿಳಾಸ ಸಮೂಹದಿಂದ ಯಾರೋ ಕೆಟ್ಟ ಪತ್ರಗಳನ್ನು ಕಳುಹಿಸಿದರೆ, ಅದೇ ಸಮೂಹದಲ್ಲಿರುವ ಸಜ್ಜನನ ಪತ್ರಗಳೂ ತಡೆಯಲ್ಪಡುತ್ತವೆ. ಸಣ್ಣ ಊರಿನ ಯುವಕನು ಶ್ರಮಪಟ್ಟು ರೂಪಿಸಿದ ಒಳ್ಳೆಯ ತಂತ್ರಾಂಶ, ಬಳಸಿದವರು ಕಡಿಮೆ ಎಂಬ ಒಂದೇ ಕಾರಣಕ್ಕೆ ಅಪಾಯಕಾರಿಯೆಂಬ ಎಚ್ಚರಿಕೆಯೊಂದಿಗೆ ತೆರೆದುಕೊಳ್ಳುತ್ತದೆ. ಇದು ಹೇಗಿರುತ್ತದೆಂದು ನಮಗೆ ವಿವರಿಸಬೇಕಾಗಿಲ್ಲ. ಹೆಸರು ಕೇಳಿದ ಮೇಲೆ ಬಾಡಿಗೆಗೆ ಮನೆ ಇಲ್ಲವೆನ್ನುವ ಯಜಮಾನ, ವಿಳಾಸ ನೋಡಿ ಸಾಲದ ಅರ್ಜಿಯನ್ನು ಬದಿಗಿಡುವ ಅಧಿಕಾರಿ ಇವರನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಯಾರೋ ಮಾಡಿದ ಕೃತ್ಯಕ್ಕಾಗಿ ನಮ್ಮನ್ನು ಸಂಶಯಿಸಬೇಡಿ, ನಮ್ಮ ನಡತೆಯನ್ನು ನೋಡಿರಿ ಎಂದು ನಾವು ನ್ಯಾಯವಾಗಿಯೇ ಕೇಳುತ್ತೇವೆ. ಹಾಗಿರುವಾಗ, ನಮ್ಮವರೆಂಬ ಕಾರಣಕ್ಕೆ ನಡತೆಯನ್ನು ನೋಡದೆ ನಂಬುವುದು ಯಾವ ನ್ಯಾಯ? ಹೆಸರು ನೋಡಿ ಸಂಶಯಿಸುವುದು ತಪ್ಪಾದರೆ ಹೆಸರು ನೋಡಿ ಶರಣಾಗುವುದೂ ತಪ್ಪೇ. ಸುದ್ದಿಯನ್ನು ಪರಿಶೀಲಿಸಬೇಕೆಂಬ ಆದೇಶ ಮತ್ತು ಅತಿಯಾದ ಗುಮಾನಿಯಿಂದ ದೂರವಿರಬೇಕೆಂಬ ಆದೇಶ, ಇವೆರಡೂ ಪವಿತ್ರ ಕುರ್‌ಆನಿನ ಒಂದೇ ಅಧ್ಯಾಯದಲ್ಲಿ, ಅಲ್ ಹುಜುರಾತ್‌ನಲ್ಲಿ ಇರುವುದು ಚಿಂತನಾರ್ಹವಾಗಿದೆ. ಪರಿಶೀಲಿಸುವವನಿಗೆ ಗುಮಾನಿಯ ಅಗತ್ಯ ಬೀಳುವುದಿಲ್ಲ.

ಈಗ ಮನೆಗಳಲ್ಲಿ ಮಾಡಬೇಕಾದುದನ್ನು ಹೇಳುತ್ತೇವೆ. ಮೊದಲನೆಯದಾಗಿ, ಸಂದೇಶ ಯಾರಿಂದ ಬಂತು ಎಂಬುದಕ್ಕಿಂತ ಅದು ಏನನ್ನು ಮಾಡಲು ಹೇಳುತ್ತಿದೆ ಎಂಬುದನ್ನು ನೋಡಿರಿ. ಕರೆಯೋಲೆಯು ಆ್ಯಪ್ ಅಳವಡಿಸಿಕೊಳ್ಳಲು ಹೇಳುವುದಿಲ್ಲ. ಬ್ಯಾಂಕು ಒಟಿಪಿಯನ್ನು ಕೇಳುವುದಿಲ್ಲ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. ವಿಡಿಯೋ ಕರೆಯಲ್ಲಿ ಖಾಕಿ ಸಮವಸ್ತ್ರ ಕಂಡರೂ ಹೆದರಬೇಕಾಗಿಲ್ಲ. ಎರಡನೆಯದಾಗಿ, ಹಣದ ಮಾತು ಬಂದಾಗ ಬೇರೊಂದು ದಾರಿಯಿಂದ ವಿಚಾರಿಸಿರಿ. ವಾಟ್ಸಾಪ್‌ನಲ್ಲಿ ಬಂದ ಕೋರಿಕೆಗೆ ವಾಟ್ಸಾಪ್‌ನಲ್ಲಿಯೇ ಉತ್ತರ ಕೇಳಿದರೆ ವಂಚಕನೇ ಉತ್ತರಿಸುತ್ತಾನೆ. ನಿಮ್ಮ ಬಳಿ ಮೊದಲೇ ಇರುವ ಸಂಖ್ಯೆಗೆ ಕರೆ ಮಾಡಿ ಧ್ವನಿ ಕೇಳಿರಿ. ಧ್ವನಿಯನ್ನೂ ನಕಲು ಮಾಡುವ ಕಾಲವಿದು, ಮನೆಯವರಿಗೆ ಮಾತ್ರ ತಿಳಿದ ಒಂದು ಪ್ರಶ್ನೆಯನ್ನೂ ಕೇಳಿರಿ. ಮೂರನೆಯದಾಗಿ, ಪರಿಶೀಲನೆಗೆ ಇರುವ ಸಾಧನಗಳನ್ನು ಬಳಸಿರಿ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ಜಾಲತಾಣಗಳ ವಿಳಾಸವನ್ನು ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಕೊನೆಗೊಳ್ಳುವಂತೆ ಬದಲಾಯಿಸಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ಈ ವಿಳಾಸವನ್ನು ಹೈದರಾಬಾದಿನ ಒಂದು ಸಂಸ್ಥೆ ಬ್ಯಾಂಕುಗಳಿಗೆ ಮಾತ್ರ ನೀಡುತ್ತದೆ. ಇದು ತಾಣವು ಬ್ಯಾಂಕಿನದ್ದೆಂದು ತಿಳಿಸುತ್ತದೆ. ಸಾಲದ ಷರತ್ತು ನ್ಯಾಯವಾದುದೆಂದು ತಿಳಿಸುವುದಿಲ್ಲ. ಅದನ್ನು ನಾವೇ ಓದಬೇಕು.

ನಾಲ್ಕನೆಯದು ಮುಂದಕ್ಕೆ ಕಳುಹಿಸುವವರ ಹೊಣೆ. ನಾವು ಒಂದು ಸಂದೇಶವನ್ನು ಮುಂದೂಡಿದಾಗ ಅದರ ಜೊತೆ ನಮ್ಮ ಹೆಸರೂ ಹೋಗುತ್ತದೆ. ಪಡೆದವರು ನಮ್ಮನ್ನು ನೋಡಿ ಒತ್ತುತ್ತಾರೆ. ನಮ್ಮ ಹೆಸರು ಇತರರು ನಮ್ಮಲ್ಲಿಟ್ಟ ಅಮಾನತ್ ಆಗಿದೆ. ಮಸೀದಿಯ ಜಮಾಅತ್ ಗುಂಪುಗಳಲ್ಲಿ ವಿದ್ಯಾರ್ಥಿವೇತನ, ಹಜ್ ರಿಯಾಯಿತಿ, ಉದ್ಯೋಗ ಎಂದು ಬರುವ ಕೊಂಡಿಗಳನ್ನು ಪರಿಶೀಲಿಸದೆ ಹಂಚದಿರುವ ನಿಯಮವನ್ನು ಹಿರಿಯರು ಮಾಡಬೇಕು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಮೋಸ ಹೋದವರು ಅದನ್ನು ಹೇಳಿಕೊಳ್ಳುವುದಿಲ್ಲ. ವ್ಯಾಪಾರಿಗೆ ಪೇಟೆಯಲ್ಲಿ ಹೆಸರು ಹೋದೀತೆಂಬ ಭಯ, ಗೃಹಿಣಿಗೆ ಗಂಡ ಬೈದಾನೆಂಬ ಭಯ, ವಿದ್ಯಾರ್ಥಿನಿಗೆ ಓದು ನಿಂತುಹೋದೀತೆಂಬ ಭಯ. ಹೆಸರನ್ನು ಉಳಿಸಿಕೊಳ್ಳುವ ಈ ಆತಂಕವೇ ವಂಚಕರಿಗೆ ದೊಡ್ಡ ಆಸರೆ. ಹಣ ಹೋದೊಡನೆ 1930ಕ್ಕೆ ಕರೆ ಮಾಡಿದರೆ, ಆ ಹಣ ಖಾತೆಯಿಂದ ಖಾತೆಗೆ ಸಾಗುವ ಮುನ್ನ ತಡೆಹಿಡಿಯುವ ಅವಕಾಶವಿದೆ. ಜಿಲ್ಲೆಯ ಸೈಬರ್ ಅಪರಾಧ ಠಾಣೆಯಲ್ಲಿಯೂ ದೂರು ನೀಡಬಹುದು. ಆದರೆ ಎರಡು ದಿನ ಮುಚ್ಚಿಟ್ಟು ಅತ್ತ ಮೇಲೆ ಹೇಳಿದರೆ ಸಮಯ ಮೀರಿರುತ್ತದೆ. ಆದ್ದರಿಂದ ತಂದೆತಾಯಂದಿರಲ್ಲಿ ನಮ್ಮ ವಿನಂತಿ: ಇಂದು ಮನೆಗೆ ಹೋದೊಡನೆ ಮಕ್ಕಳನ್ನೂ ಹಿರಿಯರನ್ನೂ ಕೂರಿಸಿಕೊಂಡು, ತಪ್ಪಿ ಏನನ್ನಾದರೂ ಒತ್ತಿದರೆ ಆ ಕ್ಷಣವೇ ಹೇಳಿ, ಯಾರೂ ಬೈಯುವುದಿಲ್ಲ ಎಂದು ಮಾತು ಕೊಡಿರಿ. ಕೊಟ್ಟ ಮಾತನ್ನು ಉಳಿಸಿಕೊಳ್ಳಿರಿ. 1930 ಎಂಬ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪವಾಗಿ ಬರೆದಿಡಿರಿ.